ಅಟ್ಟದ ಕೆಳಗೆ ಪಂಕ್

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಅಟ್ಟ ನಮ್ಮ ಜೊತೆ ತಾಳ ಹಾಕತೊಡಗಿತು. ಹಾಡಿನ ಉದ್ದ ನೋಡಲು ಫೋನನ್ನು ಎದುರಿಗೇ ಇಟ್ಟುಕೊಂಡಿದ್ದರಿಂದ ಗಂಟೆ ಮರೆತಿಲ್ಲ. ನಾವು ಬಾರಿಸುವುದು ಪಂಕ್, ಅಂದರೆ ಒರಟು ಗಲಾಟೆಯ ರಾಕ್ ಸಂಗೀತ; ಎರಡು ನಿಮಿಷ ದಾಟಿದರೆ ಅದು ಪಂಕ್ ಅಲ್ಲ ಎಂಬುದು ನಮ್ಮ ಡ್ರಮ್ಮರ್ ಮಾಡಿದ ಕಾನೂನು.

ಅವನು ತಿಪಟೂರಿನಲ್ಲಿ ತನ್ನ ಅಬ್ಬಾನ ಜೊತೆ ಬೈಕ್ ಗ್ಯಾರೇಜ್ ನಡೆಸುತ್ತಾನೆ. ಹಾಡುವವಳು ತುರುವೇಕೆರೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ; ಗಿಟಾರಿನಲ್ಲಿ ಮೂರೇ ಕಾರ್ಡ್, ಅಂದರೆ ಮೂರೇ ಸ್ವರಗುಚ್ಛ ಬರುತ್ತವೆ. ಮೂವರೂ ಹಳೆಯ ಸಹಪಾಠಿಗಳು. ಭಾನುವಾರಗಳಲ್ಲಿ ಅವಳ ಅಪ್ಪನ ತೋಟದ ಕೊಬ್ಬರಿ ಕೊಠಡಿಯಲ್ಲಿ ಸೇರುತ್ತಿದ್ದೆವು. ಮೇಲೆ ಅಟ್ಟದ ತುಂಬ ತೆಂಗಿನಕಾಯಿ. ಹತ್ತಿರ ಹತ್ತಿರ ಒಂದು ವರ್ಷ ಅವು ಅಲ್ಲೇ ಬಿದ್ದುಕೊಂಡು ಒಣಗುತ್ತವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಕಾಯಿ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಅಷ್ಟು ಕಾಯಿ ಮೇಲಿದ್ದರೆ ನಮ್ಮ ಗಲಾಟೆ ಹೊರಗೆ ಹೋಗುವುದಿಲ್ಲ ಎಂದು ಆ ಜಾಗವನ್ನು ಆರಿಸಿಕೊಂಡಿದ್ದೆವು.

ಆ ದಿನವೂ ಎಂದಿನ ಜಗಳದಿಂದಲೇ ಶುರು. ಪಂಕ್‌ನ ಬೇರು ಎಲ್ಲಿದೆ? ನಾನು ಮೇಷ್ಟ್ರ ಧಾಟಿಯಲ್ಲಿ, ಲಂಡನ್ನಿನ ಕೆಲಸವಿಲ್ಲದ ಹುಡುಗರು ಅಂಗಿ ಹರಿದುಕೊಳ್ಳುವ ಮೊದಲೇ ಅಮೆರಿಕದ ಹುಡುಗರು ಮನೆಯ ಕಾರ್ ಶೆಡ್ಡಿನಲ್ಲಿ, ಸರಿಯಾಗಿ ನುಡಿಸಲು ಬಾರದೆಯೇ, ಅಗ್ಗದ ಗಿಟಾರ್ ಹಿಡಿದು ಕಿರುಚುತ್ತಿದ್ದರು, ಅದಕ್ಕೆ ಗ್ಯಾರೇಜ್ ಸಂಗೀತ ಎಂದೇ ಹೆಸರು ಎಂದೆ.

ಡ್ರಮ್ಮರ್ ಕೈಯ ಗ್ರೀಸ್ ತೋರಿಸಿದ. "ಹಂಗಾದ್ರೆ ಬೇರು ನಮ್ಮತ್ರಾನೇ ಐತೆ ಬುಡು. ಅವರದ್ದು ಕಾರ್ ಶೆಡ್ಡು, ನಮ್ದು ಅಸಲಿ ಗ್ಯಾರೇಜು ಕಣ್ಲಾ."

"ಮತ್ತೆ ಕೂದ್ಲು?" ಎಂದು ನಾನು ಕೆಣಕಿದೆ. ಅವನು ದಿನಾ ಎಣ್ಣೆ ಹಚ್ಚಿ ಬೈತಲೆ ತೆಗೆಯುವವನು.

"ಕೂದ್ಲು ಕೆದರಿಕೊಂಡೋರೆಲ್ಲಾ ಪಂಕ್ ಆಗೋದಾದ್ರೆ ನಮ್ ಒಂದನೇ ಕ್ಲಾಸ್ ಪೂರ್ತಿ ಪಂಕೇ ಕಣ್ರೋ. ಈಗ ಬಾರ್ಸ್ತೀರೋ, ನಾನು ಮನೆಗೆ ಹೋಗ್ಲೋ?" ಎಂದಳು ಅವಳು.

ಬಾರಿಸಿದೆವು. ಬಾರದ ಬಸ್ಸಿನ ಮೇಲೆ ಅವಳೇ ಕಟ್ಟಿದ ಹಾಡು. ಪಲ್ಲವಿಯಲ್ಲಿ ಚಿಕ್ಕನಾಯಕನಹಳ್ಳಿಯ ಹೆಸರನ್ನು ಒಂದೇ ಉಸಿರಿಗೆ ನಾಲ್ಕು ಸಲ ಕೂಗಬೇಕು. ಮೂರನೆಯದಕ್ಕೆ ಬಂದಾಗ ಮೇಲಿನಿಂದ ಲೊಟಲೊಟ ಸದ್ದು ಇಳಿಯಿತು. ಶಾಲೆಯ ಪರೀಕ್ಷೆಗಳಿಂದಾಗಿ ನಾವು ಬಹಳ ದಿನ ಸೇರಿರಲಿಲ್ಲ. ಅಷ್ಟರಲ್ಲಿ ಕಾಯಿ ಒಣಗಿತ್ತು.

"ಲೇ, ಮ್ಯಾಲ್ ಕೇಳ್ರಲಾ! ಕಾಯಿನೂ ಬ್ಯಾಂಡಿಗೆ ಸೇರ್ಕೊಂಡ್ವು!" ಎಂದು ಡ್ರಮ್ಮರ್ ಕುಣಿದ.

ನಮಗೆ ಹುಚ್ಚು ಹಿಡಿಯಿತು. ಜೋರಾಗಿ ಹೊಡೆದಷ್ಟೂ ಅಟ್ಟ ಜೋರಾಗಿ ಉತ್ತರ ಕೊಡುತ್ತಿತ್ತು. ಅಂಥ ಸಂತೋಷ ನನಗೆ ಅದಕ್ಕೆ ಮೊದಲು ಸಂಗೀತದಿಂದ ಸಿಕ್ಕಿರಲಿಲ್ಲ. ಕಾಯಿಗಳು ಒಂದೇ ಮೂಲೆಗೆ ಉರುಳಿ ಗುಡ್ಡೆಯಾಗುತ್ತಿವೆ, ಆ ಮೂಲೆಯ ತೊಲೆಯನ್ನು ಗೆದ್ದಲು ಒಳಗೇ ತಿಂದಿದೆ ಎಂದು ಯಾರಿಗೂ ಹೊಳೆಯಲಿಲ್ಲ. ತೊಲೆ ಚಟ್ಟೆಂದು ಸೀಳಿದಾಗ ಅದನ್ನೂ ತಾಳವೆಂದುಕೊಂಡು ನಾನು ಇನ್ನೊಂದು ಹೊಡೆತ ಹೊಡೆದೆ.

ಕಾಯಿ ಸುರಿಯಿತು. ಧೂಳು ಕೆಳಗಿಳಿದಾಗ ಡ್ರಮ್ಮರ್ ಇದ್ದ ಕಡೆ ಕಾಯಿಯ ರಾಶಿ ಮಾತ್ರ ಇತ್ತು.

ಅವಳು ಅವನ ಹೆಸರು ಕೂಗಿದಳು. ನಾನು ಗಿಟಾರ್ ಹಿಡಿದೇ ನಿಂತಿದ್ದೆ. ತೋಟದಿಂದ ಅವಳ ಅಪ್ಪ ಓಡಿಬಂದು, "ನಿಂತ್ಕಂಡು ಏನ್ ನೋಡ್ತೀರಿ? ಕಾಯಿ ಹಾಳಾಗ್ಲಿ, ಹುಡುಗನ್ನ ಈಚೆಗೆ ತೆಗೀರ್ಲಾ!" ಎಂದು ಗದರಿದರು. ಮೂವರೂ ಬರಿಗೈಯಲ್ಲಿ ಕಾಯಿ ಎಳೆದು ಬಾಗಿಲಾಚೆ ಎಸೆಯತೊಡಗಿದೆವು. ಎಸೆದಷ್ಟೂ ಮೇಲಿನಿಂದ ಉರುಳುತ್ತಿದ್ದವು. ಆಗ ರಾಶಿಯೊಳಗಿನಿಂದ ಡಬ್, ಡಬ್ ಎಂದು ಡ್ರಮ್ಮಿನ ಸದ್ದು ಕೇಳಿತು.

ತೊಲೆಯ ಒಂದು ತುದಿ ಗೋಡೆಯಲ್ಲೇ ಉಳಿದು, ಅದರ ಓರೆಯಲ್ಲಿ ಅವನು ಮುದುರಿ ಕೂತಿದ್ದ. ಮುಖವೆಲ್ಲ ಧೂಳು. ನಮ್ಮನ್ನು ಬಿಟ್ಟು ಅವಳ ಅಪ್ಪನಿಗೆ ವರದಿ ಒಪ್ಪಿಸಿದ: "ಯಜಮಾನ್ರೇ, ಬಲಗಾಲು ಸಿಕ್ಕಾಕ್ಕೊಂಡೈತೆ. ಮಿಕ್ಕಿದ್ದೆಲ್ಲಾ ಕಂಪ್ನಿ ಕಂಡೀಷನ್ನು."

ಟ್ರ್ಯಾಕ್ಟರಿನ ಜಾಕ್ ಕೊಟ್ಟು ತೊಲೆ ಎತ್ತಿದೆವು. ಆಸ್ಪತ್ರೆಯಲ್ಲಿ ಕಾಲಿಗೆ ರಾಡ್ ಹಾಕಿದರು. ನಡೆಯುತ್ತಾನೆ ಎಂದರು ಡಾಕ್ಟರು. ಡ್ರಮ್ಮಿನ ಪೆಡಲ್ ಒತ್ತುತ್ತಾನೆಯೇ ಎಂದು ಕೇಳಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿ, "ನೋಡೋಣ" ಎಂದರು.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಚಟ್. ಪಾಠದ ನಡುವೆ ಯಾರೋ ಬೆಂಚು ಎಳೆದರೆ ತಲೆ ಮೇಲೆತ್ತುತ್ತಿದ್ದೆ. ಈಗಲೂ ಇದನ್ನು ಬರೆಯುವಾಗ ಆ ಸೀಳಿನ ಸದ್ದಿನ ಹತ್ತಿರ ಬಂದು ಎರಡು ಸಲ ಎದ್ದು ಹೋದೆ. ಅವನು ಮಾತ್ರ ಗ್ಯಾರೇಜಿನಲ್ಲಿ ಕಾಲು ಚಾಚಿ ಕೂತು, ಬಂದವರಿಗೆಲ್ಲ, "ಒಳಗಡೆ ರಾಡ್ ಹಾಕವ್ರೆ, ಇನ್ ಮೇಲೆ ನಮ್ದು ಪಂಕ್ ಅಲ್ಲ, ಹೆವಿ ಮೆಟಲ್ಲು" ಎನ್ನುತ್ತಿದ್ದ.

ಊರುಗೋಲು ಬಿಟ್ಟ ವಾರವೇ ಮತ್ತೆ ಬಾರಿಸಲೇಬೇಕೆಂದು ಅವನು ಹಠ ಹಿಡಿದ. ತಲೆಯ ಮೇಲೆ ಸೂರು ಬೇಡ ಎಂದೆ ನಾನು. ಸರಿ, ತೋಟದಲ್ಲಿ ಅಂದರೆ, ಮರದಲ್ಲೂ ಕಾಯಿ! ಟೀಚರಮ್ಮ ಕತ್ತೆತ್ತಿಕೊಂಡು ತೋಟವೆಲ್ಲ ಸುತ್ತಿ, "ಇಲ್ಲೂ ಗೊನೆ ಐತೆ, ಮುಂದಕ್ಕೆ ನಡೀರಿ" ಎನ್ನುತ್ತಲೇ ಇದ್ದಳು. ಕೊನೆಗೆ ಚಿಕ್ಕನಾಯಕನಹಳ್ಳಿ ಕಡೆ ಅವಳ ಸೋದರಮಾವನ ರಾಗಿ ಕಣ ಸಿಕ್ಕಿತು. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ನಾನು ಗಿಟಾರನ್ನು ಮೆಲ್ಲಗೆ ಮುಟ್ಟಿದೆ. ಅವನು ಕೈಯಲ್ಲಷ್ಟೇ ಬಾರಿಸಿದ. ಕಾಲು ಪೆಡಲ್ ಮೇಲೆ ಸುಮ್ಮನೆ ಇತ್ತು. ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದ.

"ಏನ್ ಮೇಷ್ಟ್ರೇ, ಕರೂಗೆ ಮೈ ಸವರ್ತಿದೀಯಾ?"

"ನಿನ್ ಕಾಲು..."

"ಕಾಲು ನಂದು. ನೀನು ಹೊಡಿಲಾ."

ಕಣ್ಣು ಮುಚ್ಚಿ ಹೊಡೆದೆ. ಅವಳು ಬಸ್ಸನ್ನು ಕೂಗಿದಳು. ಒಂದು ಗಳಿಗೆ ತಡವಾಗಿ ಪೆಡಲ್ ಬಿತ್ತು: ಢುಂ. ಮುಂದಿನದೂ ತಡ. ಹಾಡು ಎಲ್ಲೋ, ತಾಳ ಎಲ್ಲೋ. ಮೂವರೂ ನಕ್ಕು ನಕ್ಕು ಮತ್ತೆ ಮೊದಲಿಂದ ಶುರು ಮಾಡಿದೆವು. ಪಕ್ಕದ ಹೊಲದ ಕುರಿಗಳು ದಿಕ್ಕಾಪಾಲಾದವು. ಕುರಿ ಕಾಯುವಾತ ಕೋಲೆತ್ತಿಕೊಂಡು ಬಂದ.

"ಏನ್ರಪ್ಪಾ ಇದು, ಹಾಡೋ ಜಗಳವೋ?"

"ಎಲ್ಡೂ ಕಣಣ್ಣಾ!" ಎಂದಳು ಅವಳು. ಪಂಕ್ ಎಂದರೇನು ಎಂದು ನಾನು ಕೊಟ್ಟ ಉಪನ್ಯಾಸಗಳಲ್ಲಿ ಯಾವುದೂ ಅಷ್ಟು ಸರಿಯಾಗಿರಲಿಲ್ಲ.

ಐದನೇ ಸಲಕ್ಕೆ ಕಾಲು ತಾಳಕ್ಕೆ ಬಂತು. ಅವನ ಹಣೆಯ ಮೇಲೆ ನೋವಿನ ಬೆವರಿತ್ತು, ಹಲ್ಲೆಲ್ಲ ಕಾಣುವ ನಗುವೂ ಇತ್ತು. ಆ ಭಾನುವಾರ ರಾತ್ರಿ ಊಟ ಮಾಡಿ ಮಲಗಿದೆ. ಮತ್ತೆ ಕಣ್ಣು ಬಿಟ್ಟಾಗ ಬಿಸಿಲು ಹೊದಿಕೆಯ ಮೇಲೇರಿತ್ತು, ನನ್ನ ಮೊದಲ ಪೀರಿಯಡ್ ಆಗಲೇ ಮುಗಿದುಹೋಗಿತ್ತು.