ನೀಮಾ ಜಗಲಿಯ ಮೇಲೆ ಕೂತಿದ್ದು

ನೀಮಾ ಬಂದದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಅವರೆಕಾಯಿ ಕಾಲದಲ್ಲಿ. ಆಗ ಕೋಣನಕುಂಟೆ ಇನ್ನೂ ಹಳ್ಳಿಯೇ. ಜಯನಗರದ ನರ್ಸ್ ಶಾಲೆಯವರು ನಮ್ಮೂರಲ್ಲಿ ಒಂದು ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿ ಕಸ ಗುಡಿಸುವುದು, ನೀರು ತುಂಬುವುದು ನನ್ನ ಕೆಲಸ.

"ಪರದೇಶದಿಂದ ಒಂದು ಹುಡುಗಿ ಓದೋಕೆ ಬರ್ತಾಳೆ, ಹಿಂದಿನ ಕೋಣೆಗೆ ಸುಣ್ಣ ಬಳಿದಿಡಿ ತಿಮ್ಮಕ್ಕ" ಎಂದು ಕಾಂಪೌಂಡರ್ ದೇವದಾಸ್ ಹೇಳಿದ್ದ. ಬಿಳೀ ದೊರೆಸಾನಿಯನ್ನು ನೋಡಬೇಕೆಂದು ಹೆಂಗಸರೆಲ್ಲ ಬಸ್ಸು ನಿಲ್ಲುವ ಹುಣಸೆಮರದ ಹತ್ತಿರ ಸೇರಿದ್ದೆವು. ಇಳಿದವಳು ನಮಗಿಂತ ಕಪ್ಪಗಿದ್ದ, ಬಾಗಿಲೆತ್ತರದ ಹುಡುಗಿ. ಕೈಯಲ್ಲಿ ತಗಡಿನ ಟ್ರಂಕು, ಕೊರಳ ದಾರದಲ್ಲಿ ಮರದ ಶಿಲುಬೆ.

"ಏನ್ ದೇವದಾಸಪ್ಪ, ಫಾರಿನ್ ಅಂದೆ, ಇವಳು ನಮ್ಮ ಸೊಣ್ಣಮ್ಮನ ತಂಗಿ ಇದ್ದಂಗವಳೆ" ಎಂದಳು ಒಬ್ಬಳು.

ಪಕ್ಕದಲ್ಲೇ ನಿಂತಿದ್ದ ಸೊಣ್ಣಮ್ಮ ಬಿಟ್ಟಾಳೆಯೇ? "ಇಷ್ಟುದ್ದ ತಂಗಿ ನನಗಿದ್ದಿದ್ರೆ ಹುಣಸೆಕಾಯಿಗೆ ಕೋಲೇ ಬೇಕಿರಲಿಲ್ಲ ಕಣೆ!"

ಎಲ್ಲರೂ ನಕ್ಕೆವು. ಅರ್ಥವಾಗದಿದ್ದರೂ ಆ ಹುಡುಗಿಯೂ ನಕ್ಕಳು.

ಅವಳ ಊರು ಆಫ್ರಿಕಾದ ತಾಂಜಾನಿಯದಲ್ಲಿ, ದೊಡ್ಡ ಬೆಟ್ಟದ ತಪ್ಪಲಲ್ಲಿದೆಯಂತೆ. ತಂದೆ ಚರ್ಚಿನ ಶಾಲೆಯ ಮೇಷ್ಟ್ರು, ತಾಯಿಗೆ ಬಾಳೆತೋಟ, ಬೆನ್ನಿಗೆ ತಂಗಿಯರ ಸಾಲು. ಇದೆಲ್ಲ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು, ದೇವದಾಸ್ ನನಗೆ ಕನ್ನಡದಲ್ಲಿ ಹೇಳಿದ್ದು. ಬಟ್ಟೆ ಒಗೆಯುವಾಗ ದೇವರ ಹಾಡು ಹಾಡಿಕೊಳ್ಳುತ್ತಿದ್ದಳು. ಮೊದಲ ದಿನವೇ ನನ್ನ ಮೊರದಿಂದ ರಾಗಿ ಹಿಡಿಯಷ್ಟು ತೆಗೆದು ಮೂಸಿ, ಗಂಜಿ ಕುಡಿಯುವ ಹಾಗೆ ಕೈ ಮಾಡಿ ತೋರಿಸಿದಳು. ಅವರಲ್ಲೂ ರಾಗಿ ಗಂಜಿ ಕಾಯಿಸುತ್ತಾರಂತೆ.

ಅವಳ ಇಲ್ಲಿನ ಅರ್ಧ ವರ್ಷದ ಓದಿಗೆ ಒಂದು ಕಟ್ಟಳೆ ಇತ್ತು. ಒಂದು ಬಾಣಂತಿ ಮನೆಗೆ ದಿನಾ ಹೋಗಿ, ಕೂಸಿನ ಹೊಕ್ಕುಳು ಒಣಗಿ ಬೀಳುವವರೆಗೆ ನೋಡಿಕೊಳ್ಳಬೇಕು. ಯಾವ ಮನೆಯವರೂ ಸೇರಿಸದಿದ್ದರೆ ಇಲ್ಲಿನ ಓದು ಲೆಕ್ಕಕ್ಕಿಲ್ಲ, ವಾಪಸು ಊರಿಗೆ. ಆಗ ಊರಲ್ಲಿ ಹೆರಿಗೆಯಾಗಿದ್ದವಳು ಒಬ್ಬಳೇ, ಸೊಣ್ಣಮ್ಮನ ಮಗಳು ಸರಸ್ವತಿ.

ನಮ್ಮಲ್ಲಿ ಬೀದಿಯಿಂದ ಬಂದವರು ಸೀದಾ ಬಾಣಂತಿ ಕೋಣೆಗೆ ಕಾಲಿಡುವುದಿಲ್ಲ. ಕಾಲು ತೊಳೆದು, ಜಗಲಿಯ ಮೇಲೆ ಕೂತು, ಬೀದಿಯ ಗಾಳಿ ಇಳಿದ ಮೇಲೆ ಒಳಗೆ. ನೀಮಾಳಿಗೆ ಅದೇನು ಗೊತ್ತು? ಹೊತ್ತಾಯಿತೆಂದು ದಾಪುಗಾಲಲ್ಲಿ ಹೋದವಳು, ಕೈಯನ್ನು ಮಾತ್ರ ಸೋಪು ಹಾಕಿ ಚೆನ್ನಾಗಿ ತೊಳೆದು, ಧೂಳುಗಾಲಲ್ಲೇ ಸೀದಾ ಕೂಸಿನ ಹತ್ತಿರ ಹೋಗಿಬಿಟ್ಟಳು. ಆ ಸಂಜೆ ಕೂಸು ಹಾಲು ಕುಡಿಯದೆ ರಚ್ಚೆ ಹಿಡಿಯಿತು. ಮಾರನೇ ದಿನ ಸೊಣ್ಣಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಗಾಳಿ ತಂದುಬಿಟ್ಳು ಒಳಕ್ಕೆ. ಇನ್ನು ಬರೋದ್ ಬೇಡ."

ಜೊತೆಗೆ ಬಂದಿದ್ದ ದೇವದಾಸನಿಗೆ ರೇಗಿತು. "ಗಾಳಿಯಲ್ಲ ಸೊಣ್ಣಮ್ಮನೋರೆ, ಕಾಯಿಲೆ ತರೋದು ಕ್ರಿಮಿ. ಕಣ್ಣಿಗೆ ಕಾಣಿಸಲ್ಲ."

"ಕಾಣಿಸ್ದೇ ಇರೋದು ನಿನಗೆಂಗೆ ಗೊತ್ತಾಯ್ತು?"

"ನಿಮ್ಮ ಗಾಳಿ ಕಾಣಿಸ್ತದಾ?"

"ಹೋಗಯ್ಯ, ನೀನೇನು ಹೆತ್ತಿದ್ದೀಯಾ?"

ದೇವದಾಸ್ ಸೈಕಲ್ ಹತ್ತಿ ಹೊರಟೇಹೋದ. ನೀಮಾಳನ್ನು ಯಾರೂ ಸೇರಿಸುತ್ತಿಲ್ಲವೆಂದು ಜಯನಗರಕ್ಕೆ ಸುದ್ದಿಯೂ ಮುಟ್ಟಿಸಿದ. ಸಂಜೆ ಅವನು ಜಗಳದ ಕಾರಣವನ್ನೆಲ್ಲ ಬಿಡಿಸಿ ಹೇಳಿದಾಗ ಹುಡುಗಿ ಸಿಟ್ಟಾಗಲಿಲ್ಲ. ತನ್ನ ಅಜ್ಜಿಯಾಗಿದ್ದರೆ ಮೂರು ತಿಂಗಳು ಯಾರನ್ನೂ ಹೊಸ್ತಿಲು ದಾಟಿಸುತ್ತಿರಲಿಲ್ಲ ಎಂದಳಂತೆ.

ಮರುದಿನ ಬೆಳಿಗ್ಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟಳು. ಸೊಣ್ಣಮ್ಮನ ಬಾಗಿಲ ಪಕ್ಕದ ಗಡಿಗೆಯಿಂದ ನೀರು ಮೊಗೆದು, ಮೊಣಕಾಲವರೆಗೆ ಕಾಲು ತೊಳೆದಳು, ಹಿಮ್ಮಡಿಯನ್ನೂ ಉಜ್ಜಿದಳು. ಜಗಲಿಯ ಮೇಲೆ ಕೂತಳು. ಸೊಣ್ಣಮ್ಮ ನೋಡಿದಳು, ತನ್ನ ಕೆಲಸಕ್ಕೆ ಹೋದಳು. ಕೊಟ್ಟಿಗೆಯ ಸಗಣಿ ಬಾಚಿದಳು, ಬೆರಣಿ ತಟ್ಟಿದಳು. ಬಿಸಿಲು ಜಗಲಿಗೆ ಬಂತು. ಹುಡುಗಿ ಏಳಲಿಲ್ಲ.

ಕೊನೆಗೆ ಸೊಣ್ಣಮ್ಮನೇ ಸೋತಳು. "ಬಾ ಅನ್ನು ತಿಮ್ಮಕ್ಕ. ಬೀದೀಲಿ ಹೋಗೋರೆಲ್ಲ ನನ್ನೇ ನೋಡ್ತಾವ್ರೆ."

ನೀಮಾ ಎದ್ದಳು, ಆದರೆ ಒಳಗೆ ಹೋಗಲಿಲ್ಲ. ಚೀಲದಿಂದ ಸೋಪು ತೆಗೆದು ತನ್ನ ಕೈ ತೊಳೆದಳು, ಆಮೇಲೆ ಸೋಪನ್ನು ಸೊಣ್ಣಮ್ಮನ ಮುಂದೆ ಹಿಡಿದಳು.

"ನನ್ನ ಮನೇಲಿ ನನ್ನ ಕೈ ಕೊಳಕಾ?" ಸೊಣ್ಣಮ್ಮನ ದನಿ ಏರಿತು.

"ನಿನ್ನ ಮಾತಿಗೆ ಅವಳು ಕಾಲು ತೊಳ್ಕೊಂಡ್ಳಲ್ಲೇ" ಎಂದೆ ನಾನು ಮೆಲ್ಲಗೆ.

ಒಳಗಿಂದ ಸರಸ್ವತಿ ಕೂಗಿದಳು. "ತೊಳ್ಕೊಳಮ್ಮೋ! ಹೊಕ್ಕುಳಿಗೆ ಎಣ್ಣೆ ಹಚ್ಚುವಾಗೆಲ್ಲ ಸಗಣಿ ವಾಸ್ನೆ ಹೊಡೀತದೆ."

"ನಿನ್ನನ್ನ ಸಾಕಿದ್ದೂ ಇದೇ ಕೈ ಕಣೆ, ಕತ್ತೆ" ಎನ್ನುತ್ತಲೇ ಸೊಣ್ಣಮ್ಮ ಕೈ ಚಾಚಿದಳು. ನಾನು ನೀರು ಹುಯ್ದೆ. ನೀಮಾ ಅವಳ ಬೆರಳುಸಂದಿಯನ್ನೆಲ್ಲ ತಾನೇ ಉಜ್ಜಿದಳು. ಮಗಳು ತಾಯಿಗೆ ಮಾಡುವ ಹಾಗಿತ್ತು.

ಅವರು ಕೋಣೆಯಲ್ಲಿರುವಾಗಲೇ ಜೀಪು ಬಂತು. ಜಯನಗರದ ದೊಡ್ಡ ನರ್ಸಮ್ಮ ಇಳಿದರು, ಹಿಂದೆ ದೇವದಾಸ್. ನೀಮಾಳ ಟ್ರಂಕು ಆಗಲೇ ಜೀಪಿನಲ್ಲಿತ್ತು. ನರ್ಸಮ್ಮ ಬೂಟುಗಾಲಲ್ಲಿ ಸರಸರನೆ ಬಾಗಿಲಿಗೆ ಬಂದರೆ, ಸೊಣ್ಣಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಕಾಲು ತೊಳ್ಕೊಂಡು ಕೂತ್ಕೊಳ್ಳಿ ಅಮ್ಮಾವ್ರೆ."

"ಕೂರೋಕೆ ಹೊತ್ತಿಲ್ಲಮ್ಮ. ಇಲ್ಲಿ ಆಗಲ್ವಂತಲ್ಲ, ಹುಡುಗೀನ ಕರ್ಕೊಂಡು ಹೋಗೋಕೆ ಬಂದೆ."

"ಯಾರು ಹೇಳಿದ್ದು ಆಗಲ್ಲ ಅಂತ?" ಸೊಣ್ಣಮ್ಮ ದೇವದಾಸನ ಕಡೆ ಒಮ್ಮೆ ನೋಡಿದಳು. ಅವನು ನೆಲ ನೋಡಿದ. "ಈಗ ಕಳ್ಸೋಕಾಗಲ್ಲ. ಹೊಕ್ಕುಳು ಇನ್ನೂ ಬಿದ್ದಿಲ್ಲ. ನಾಳೆ ಯಾರು ನೋಡ್ತಾರೆ, ಇವನಾ?"

ಒಳಗಿಂದ ನೀಮಾಳ ಹಾಡು ಸಣ್ಣಗೆ ಕೇಳುತ್ತಿತ್ತು, ಕೂಸು ಅಳುತ್ತಿರಲಿಲ್ಲ. ನರ್ಸಮ್ಮ ಜಗಲಿಯ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದರು.

"ದೇವದಾಸ್," ಎಂದರು ತಲೆಯೆತ್ತದೆ, "ಆ ಟ್ರಂಕು ಕೆಳಗಿಳಿಸು."