ಗೋಲೇ ಬೇಕೆಂದ ಮ್ಯಾಲಕಿ

ಲಂಡನ್ನಿನ ರೈಸ್ಲಿಪ್ ಮೈದಾನದಲ್ಲಿ ಐರಿಷ್ ರಾಷ್ಟ್ರಗೀತೆ ಶುರುವಾದಾಗ ನಮ್ಮ ಜಿಲ್ಲೆಯ ಫುಟ್‌ಬಾಲ್ ತಂಡದ ಹೊಸ ಮ್ಯಾನೇಜರ್ ಮ್ಯಾಲಕಿ ಗಿಲ್‌ರೇನನ ತಲೆ ಅವನ ಮೇಲಂಗಿಯೊಳಗೆ ಸಿಕ್ಕಿಹಾಕಿಕೊಂಡಿತ್ತು.

ಎದೆಯ ಮೇಲೆ ಐರಿಷ್ ಭಾಷೆಯಲ್ಲಿ 'ಮ್ಯಾನೇಜರ್' ಎಂದು ದಪ್ಪಕ್ಷರದಲ್ಲಿ ಬರೆದ ತೋಳಿಲ್ಲದ ಅಂಗಿ ಅದು. ಅದನ್ನು ತೊಡದವನನ್ನು ರೆಫರಿ ಗೆರೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಿಂದಿನ ಮ್ಯಾನೇಜರ್ ಕಡ್ಡಿ ಪೈಲವಾನ. ಮ್ಯಾಲಕಿಯ ಭುಜವೋ ಅವನು ಓಡಿಸುವ ಹಾಲಿನ ಲಾರಿಯ ಬಾಗಿಲಿನಷ್ಟು ಅಗಲ. ಎರಡು ಕೈ ಮೇಲೆತ್ತಿ ತಲೆ ತೂರಿಸುವಷ್ಟರಲ್ಲಿ ಅಂಗಿ ಕಿವಿಯ ಹತ್ತಿರ ನಿಂತಿತು, ವಾದ್ಯದವರು ಊದತೊಡಗಿದರು. ಗೀತೆ ನಡೆಯುವಾಗ ನಮ್ಮವರು ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸುವುದಿಲ್ಲ. ಮ್ಯಾಲಕಿಯೂ ಅಲುಗಾಡಲಿಲ್ಲ. ಬಾವುಟಕ್ಕೆ ಬೆನ್ನು ಹಾಕಿ, ಎರಡೂ ಕೈ ಆಕಾಶಕ್ಕೆ ಚಾಚಿ, ಕೊನೆಯ ಸಾಲಿನವರೆಗೂ ನಿಂತ.

ಗೀತೆ ಮುಗಿದದ್ದೇ ತಡ, ಲಂಡನ್ ಕಡೆಯ ಬೇಲಿಯಿಂದ ಯಾವನೋ ಕೂಗಿದ: "ಆಟಕ್ಕೆ ಮುಂಚೆನೇ ಕೈ ಎತ್ತಿಬಿಟ್ಯಲ್ಲೋ ಮ್ಯಾಲಕಿ!"

ಅಂಗಿಯೊಳಗಿನಿಂದಲೇ ಉತ್ತರ ಬಂತು: "ನಿನ್ನ ಕೆನ್ನೆ ಎಷ್ಟು ಎತ್ತರದಲ್ಲಿದೆ ಅಂತ ನೋಡ್ತಿದ್ದೆ ಕಣೋ!"

ಪ್ಯಾಕಿ ಹೀರನ್ ಮುಂದೆ ಬಂದು ಅಂಗಿಯನ್ನು ಎರಡು ಕಡೆಯಿಂದ ಎಳೆದು ಕೂರಿಸಿದ. ಪ್ಯಾಕಿ ನಿವೃತ್ತ ಅಂಚೆಯವ, ತಂಡದ ಆಯ್ಕೆಗಾರ, ಮೂವತ್ತು ವರ್ಷದಿಂದ ಮ್ಯಾಲಕಿಯ ನೆರಳು. ಗೆಳೆಯನ ಮುಖ ಕೆಂಪಗಿದ್ದದ್ದನ್ನು ನೋಡಿದ. ನಾಚಿಕೆಯ ಕೆಂಪಲ್ಲ, ಹಟದ ಕೆಂಪು. ಆ ಬಣ್ಣ ಪ್ಯಾಕಿಗೆ ಚೆನ್ನಾಗಿ ಗೊತ್ತಿತ್ತು.

ಮ್ಯಾನೇಜರ್ ಪಟ್ಟ ಮ್ಯಾಲಕಿಗೆ ಬಂದದ್ದು ಬೇರೆ ಯಾರಿಗೂ ಬೇಡವಾದ್ದರಿಂದ. ದೊಡ್ಡ ಹೆಸರಿನವರನ್ನೆಲ್ಲ ಕೇಳಿ ಆಗಿತ್ತು; ಒಬ್ಬ ಬೆನ್ನುನೋವೆಂದ, ಒಬ್ಬ ಕುರಿ ಮರಿ ಹಾಕುವ ಕಾಲವೆಂದ, ಇನ್ನೊಬ್ಬ ಫೋನನ್ನೇ ಎತ್ತಲಿಲ್ಲ. ನಮ್ಮದು ಗೋಲಿಗಿಂತ ಗೋಳೇ ಹೆಚ್ಚಾದ ಜಿಲ್ಲೆ. ನಮ್ಮ ಆಟಗಾರರು ಗೋಲುಕಂಬದ ಬಾರಿನ ಮೇಲೆ ಹಾಯಿಸಿದ ಚೆಂಡಿಗಿಂತ ಅವರೇ ಬಾರಿನೊಳಕ್ಕೆ ಹಾದದ್ದು ಹೆಚ್ಚು ಎಂದು ಪಕ್ಕದ ಜಿಲ್ಲೆಯವರು ಆಡಿಕೊಳ್ಳುತ್ತಾರೆ. ಆಗ ಮ್ಯಾಲಕಿ ಜಿಲ್ಲಾ ಮಂಡಳಿಯ ಸಭೆಯಲ್ಲಿ ಹಿಂದಿನ ಕುರ್ಚಿಯಿಂದ ಎದ್ದು, "ಯಾರೂ ಇಲ್ಲದಿದ್ರೆ ನಾನಿದ್ದೀನಿ" ಎಂದ. ಚೇರ್ಮನ್ ಕಾರ್ಮಕ್ ಮೆಕ್‌ಪ್ಯಾಡನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿದ. ಎದುರಿಗಿದ್ದವನು ಆಗಲೂ ಮ್ಯಾಲಕಿಯೇ.

"ಆಗ್ಲಿ. ಆದ್ರೆ ಮೊದಲನೇ ಮ್ಯಾಚೇ ಲಂಡನ್ ಮೇಲೆ," ಅಂದ ಚೇರ್ಮನ್. "ಹೊಟ್ಟೆಪಾಡಿಗೆ ನಮ್ಮೂರು ಬಿಟ್ಟು ಹೋದೋರ ಕೈಲಿ ಸೋತು ಬಂದ್ರೆ ಸೋಮವಾರ ಮೀಟಿಂಗ್ ಕರೆಯೋ ಅಗತ್ಯನೂ ಇರಲ್ಲ. ಅಂಗಿ ಒಗೆದು ಕಳಿಸ್ಬಿಡು."

"ಒಗೀದೇ ಕಳಿಸ್ತೀನಿ," ಅಂದ ಮ್ಯಾಲಕಿ.

ಹನ್ನೊಂದು ವರ್ಷ ಜಿಲ್ಲೆಗೆ ಆಡಿ ಒಂದು ಪದಕವನ್ನೂ ಕಾಣದವನು ಅವನು. ನಡುವೆ ಆರು ವರ್ಷ ಲಂಡನ್ನಿನಲ್ಲೇ ಇಟ್ಟಿಗೆ ಹೊತ್ತಿದ್ದ, ಇದೇ ಮೈದಾನದಲ್ಲಿ ಆಡಿದ್ದ. ಅಮ್ಮನ ಕಾಯಿಲೆಗೆಂದು ಎರಡು ವಾರಕ್ಕೆ ಬಂದವನು ಉಳಿದುಬಿಟ್ಟ. ಅಮ್ಮ ಆಮೇಲೆ ಹತ್ತೊಂಬತ್ತು ವರ್ಷ ಬದುಕಿದಳು, ಪ್ರತಿ ಭಾನುವಾರ ಅವನ ಟೀಮನ್ನು ಬೈದುಕೊಂಡು.

ಚೇರ್ಮನ್ನಿನ ಮಾತಿಗಿಂತ ದೊಡ್ಡ ಮುಳ್ಳು ಇನ್ನೊಂದಿತ್ತು. ಅದರ ಹೆಸರು ಫಿಯಾಕ್ರ ಬೊಹಾನ್. ಮ್ಯಾಲಕಿಯ ಸ್ವಂತ ಊರಿನ ಹುಡುಗ, ಜಿಲ್ಲೆಯ ಎಡಗಾಲಿನ ಬಂಗಾರ, ಈಗ ಲಂಡನ್ ತಂಡದ ಪಾಲು. ನಮ್ಮಲ್ಲಿ ಹುಟ್ಟಿದ ಊರಿಗೇ ಆಡಬೇಕು. ಬಿಟ್ಟು ಹೋಗಬೇಕಾದರೆ ಊರಿನ ಕ್ಲಬ್ಬಿನ ಕಾರ್ಯದರ್ಶಿ ಅರ್ಜಿಗೆ ಸಹಿ ಹಾಕಬೇಕು. ಆ ಕಾರ್ಯದರ್ಶಿ ಮ್ಯಾಲಕಿಯೇ. ಫಿಯಾಕ್ರ ಅವನನ್ನು ಹಿಡಿದದ್ದು ಒಂದು ಸಾವಿನ ಮನೆಯಲ್ಲಿ. ಶವಪೆಟ್ಟಿಗೆಯ ಪಕ್ಕ ಸಂತಾಪದ ಪುಸ್ತಕ ಇಟ್ಟಿರುತ್ತಾರೆ, ಬಂದವರೆಲ್ಲ ಸಹಿ ಹಾಕುತ್ತಾರೆ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಪೆನ್ನು, ಬಾಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇದ್ದ ಮ್ಯಾಲಕಿಯ ಮುಂದೆ ಫಿಯಾಕ್ರ ಮೆಲ್ಲಗೆ ಕಾಗದವೊಂದನ್ನು ಸರಿಸಿ, "ಇಲ್ಲೂ ಒಂದು ಹಾಕ್ಬಿಡಿ" ಎಂದ. ಮ್ಯಾಲಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹಾಕಿದ. ಅವತ್ತು ಆ ಮನೆಯಿಂದ ಇಬ್ಬರನ್ನು ಕಳಿಸಿಕೊಟ್ಟ ಹಾಗಾಯಿತು ಎಂದು ಊರು ಇವತ್ತಿಗೂ ನಗುತ್ತದೆ.

ಕೇಳಿದರೆ ಮ್ಯಾಲಕಿ ಎದೆ ಸೆಟೆಸಿ, "ಓದಿದ್ರೂ ಹಾಕ್ತಿದ್ದೆ. ಇಲ್ಲಿ ಅವ್ನಿಗೆ ಏನಿತ್ತು, ಮಳೆ ಬಿಟ್ಟು?" ಅನ್ನುತ್ತಾನೆ. ಪ್ಯಾಕಿಗೆ ಗೊತ್ತು, ಓದಿದ್ದರೆ ಕಾಗದವನ್ನೇ ನುಂಗಿಬಿಡುತ್ತಿದ್ದ.

ಆಟ ಶುರುವಾಯಿತು. ಚೇರ್ಮನ್ನಿನ ಸಲಹೆ ಎಲ್ಲರೂ ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲಬೇಕೆಂಬುದು. ಮ್ಯಾಲಕಿ ಆರು ಜನರನ್ನು ಮುಂದೆಯೇ ನಿಲ್ಲಿಸಿದ. ಫಿಯಾಕ್ರ ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ಸಲ ಚೆಂಡನ್ನು ಬಾರಿನ ಮೇಲಿಂದ ಹಾಯಿಸಿದ; ನಮ್ಮ ಐರಿಷ್ ಫುಟ್‌ಬಾಲಿನಲ್ಲಿ ಸಲಕ್ಕೊಂದರಂತೆ ನಾಲ್ಕು ಅಂಕ. ಪ್ರತಿ ಸಲವೂ ಓಡುತ್ತ ಹಿಂದಿರುಗುವಾಗ ಮ್ಯಾಲಕಿಯ ಕಡೆ ಗಾಳಿಯಲ್ಲಿ ಸಹಿ ಹಾಕಿ ತೋರಿಸುತ್ತಿದ್ದ.

"ಲಾರಿಯಲ್ಲಿ ಹಾಲು ಇದ್ಯೋ, ಮಜ್ಜಿಗೆನೋ?" ಬೇಲಿಯ ಕಡೆಯಿಂದ ಮತ್ತೆ ಕೂಗು.

"ನಿನಗೆ ತಾಯಿ ಹಾಲೇ ದಕ್ಕಿಲ್ಲ, ಸುಮ್ನಿರು!" ಮ್ಯಾಲಕಿ ತಿರುಗಿಯೂ ನೋಡಲಿಲ್ಲ.

ಅರ್ಧ ಆಟಕ್ಕೆ ಐದು ಅಂಕ ಹಿಂದೆ. ಕೋಣೆಯಲ್ಲಿ ಹುಡುಗರು ತಲೆ ತಗ್ಗಿಸಿ ಕಿತ್ತಳೆ ಹೋಳು ಚೀಪುತ್ತಿದ್ದರು. ಚೇರ್ಮನ್ ಬಾಗಿಲಲ್ಲಿ ಇಣುಕಿ, "ಎಲ್ಲರನ್ನೂ ಹಿಂದಕ್ಕೆ ಕರಿ. ಮರ್ಯಾದೆಯಿಂದಾದ್ರೂ ಸೋಲೋಣ" ಎಂದ. ಮ್ಯಾಲಕಿ ಬಾಗಿಲನ್ನು ಕಾಲಿನಿಂದ ಮುಚ್ಚಿದ. ಚೇರ್ಮನ್ನಿನ ಮೂಗು ಕೂದಲೆಳೆಯಲ್ಲಿ ಉಳಿಯಿತು.

"ಲಂಡನ್ನಿಗೆ ಸೋತ್ರೆ ನಾಚಿಕೆ ಅಂತಾರೆ," ಮ್ಯಾಲಕಿ ಶುರು ಮಾಡಿದ. "ಯಾಕ್ರೋ ನಾಚಿಕೆ? ಯಾರು ಅವ್ರು? ಬೆಳಿಗ್ಗೆ ಐದಕ್ಕೆದ್ದು ಸಿಮೆಂಟ್ ಹೊತ್ತು, ಎರಡು ಟ್ರೈನ್ ಹಿಡಿದು ಪ್ರಾಕ್ಟೀಸಿಗೆ ಬರೋರು. ನಾನೂ ಹಾಗೇ ಬಂದೋನು. ಅವಾಗ ಊರಿಂದ ಟೀಮು ಬರೋದು, ಅತ್ತೆ ಮಾವನ್ನ ನೋಡೋಕೆ, ಕೋಟು ಕೊಳ್ಳೋಕೆ. ನಮ್ಮ ಮೇಲೆ ಆಟ ಆಡೋದು ಪುರಸೊತ್ತಿದ್ರೆ. ಆ ಅವಮಾನ ಇದೆಯಲ್ಲ, ಸೋತಿದ್ದಕ್ಕಿಂತ ಸುಡ್ತಿತ್ತು. ಅವ್ರಿಗೆ ಮರ್ಯಾದೆ ಕೊಡ್ಬೇಕಾ? ಹಾಗಾದ್ರೆ ಅವ್ರ ಮೂಳೆಗೆ ಗೊತ್ತಾಗೋ ಹಾಗೆ ಆಡಿ. ಒಬ್ಬನೂ ಹಿಂದೆ ಹೋಗಂಗಿಲ್ಲ. ನನ್ನ ಕೆಲಸ ಹೋಗತ್ತಾ? ಹೋಗ್ಲಿ. ನನ್ನ ಲಾರಿ ಇದೆ."

ಪ್ಯಾಕಿ ಈ ಮೂವತ್ತು ವರ್ಷದಲ್ಲಿ ಅವನ ಬಾಯಲ್ಲಿ ಇಷ್ಟು ಮಾತನ್ನು ಒಟ್ಟಿಗೆ ಕೇಳಿರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದಾಗ ಧ್ವನಿ ಒಂದು ಕೂದಲಷ್ಟು ನಡುಗಿದ್ದೂ ಅವನೊಬ್ಬನಿಗೇ ಕೇಳಿಸಿತು.

ಎರಡನೇ ಅರ್ಧದಲ್ಲಿ ಹುಡುಗರು ಹುಲಿಗಳಾದರು ಎಂದರೆ ಸುಳ್ಳಾದೀತು. ಬೆಕ್ಕುಗಳಾದರು, ಆದರೆ ಬಾಲ ತುಳಿಸಿಕೊಂಡ ಬೆಕ್ಕುಗಳು. ಒಂದೊಂದೇ ಅಂಕ ಕಿತ್ತುಕೊಂಡರು. ಲಂಡನ್ನಿನವರೂ ಬಿಟ್ಟುಕೊಡಲಿಲ್ಲ. ಕೆಸರು ಹಾರಿತು, ಒಬ್ಬನ ಹಲ್ಲು ಹಾರಿತು. ಕೊನೆಯ ನಿಮಿಷಕ್ಕೆ ಬಂದಾಗ ಪ್ಯಾಕಿ ಬೋರ್ಡು ನೋಡಿದ: ಒಂದೇ ಒಂದು ಅಂಕ ಹಿಂದೆ. ಆಗ ಲಂಡನ್ನಿನವನೊಬ್ಬ ನಮ್ಮವನ ಅಂಗಿ ಹಿಡಿದೆಳೆದ. ರೆಫರಿ ಸೀಟಿ ಊದಿ ನಮಗೆ ಫ್ರೀ ಕಿಕ್ ಕೊಟ್ಟ, ಇದೇ ಕೊನೆಯ ಒದೆತವೆಂದು ಗಡಿಯಾರ ತೋರಿಸಿದ.

ಗೋಲಿನ ನೇರಕ್ಕೆ, ಹತ್ತಿರದ ಜಾಗ. ನಮ್ಮ ತಂಡದ ಡೋನಲ್ ಮುಲ್ವಿ ನಿದ್ದೆಯಲ್ಲೂ ಅಲ್ಲಿಂದ ಚೆಂಡನ್ನು ಬಾರಿನ ಮೇಲೆ ಹಾಯಿಸಬಲ್ಲ. ಹಾಯಿಸಿದರೆ ಒಂದು ಅಂಕ, ಆಟ ಸಮ, ಸೋಲಿಲ್ಲ, ಸೋಮವಾರದ ಭಯವಿಲ್ಲ. ಬಾರಿನ ಕೆಳಗೆ ಬಲೆಗೆ ಹಾಕಿದರೆ ಗೋಲು, ಮೂರು ಅಂಕ, ಗೆಲುವು. ಆದರೆ ಅಲ್ಲಿ ಲಂಡನ್ನಿನ ಹನ್ನೆರಡು ಜನ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು, ನಡುವೆ ಫಿಯಾಕ್ರ.

"ಮೇಲೆ ಹೊಡೀರೋ! ಮೇಲೆ!" ಚೇರ್ಮನ್ ಗ್ಯಾಲರಿಯ ಕಂಬಿಯಿಂದ ಅರ್ಧ ಹೊರಗೆ ಬಂದಿದ್ದ.

ಮ್ಯಾಲಕಿ ಗೆರೆಯ ಅಂಚಿಗೆ ಹೋಗಿ ಎರಡು ಕೈಯನ್ನೂ ಬಾಯಿಗೆ ಹಚ್ಚಿದ. "ಡೋನಲ್! ಗೋಲ್! ಗೋಲೇ ಬೇಕು!"

ಪ್ಯಾಕಿ ಅವನ ತೋಳು ಹಿಡಿದ. "ಹುಚ್ಚು ಹಿಡೀತೇನೋ ಮಾರಾಯ? ಮೇಲೆ ಹೊಡ್ಸು! ಸೋಮವಾರ ನೆನಪಿದ್ಯಾ?"

"ಸೋಮವಾರ ಹಾಳಾಗಿ ಹೋಗ್ಲಿ. ಡೋನಲ್, ಗೋಲ್!"

ಡೋನಲ್ ಮ್ಯಾನೇಜರನನ್ನು ನೋಡಿದ, ಚೇರ್ಮನ್ನನನ್ನು ನೋಡಿದ, ದೇವರನ್ನು ನೆನೆದ. ಮೈಯೆಲ್ಲ ಕಾಲಾಗಿಸಿ ಒದ್ದ. ಚೆಂಡು ಗುಂಡಿನಂತೆ ಹೋಗಿ ಫಿಯಾಕ್ರನ ಭುಜಕ್ಕೆ ಬಡಿದು, ನೆಟ್ಟಗೆ ಮೇಲಕ್ಕೆ ಚಿಮ್ಮಿ, ಬಾರಿನ ಮೇಲೆ ಒಮ್ಮೆ ಕುಪ್ಪಳಿಸಿ, ಯೋಚಿಸಿ, ಆಚೆಗೆ ಬಿತ್ತು. ಅಂಪೈರ್ ಬಿಳಿ ಬಾವುಟ ಎತ್ತಿದ. ಒಂದು ಅಂಕ. ಸೀಟಿ. ಆಟ ಸಮ.

ಗ್ಯಾಲರಿಯಲ್ಲಿ ಎರಡೂ ಕಡೆಯವರು ಎದ್ದು ನಿಂತರು. ಚೇರ್ಮನ್ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸನ್ನು ತಬ್ಬಿಕೊಂಡು, ಕ್ಷಮೆ ಕೇಳಿ, ಮತ್ತೆ ತಬ್ಬಿಕೊಂಡ. ಮ್ಯಾಲಕಿ ಮಾತ್ರ ತಲೆ ತಗ್ಗಿಸಿ ಮೈದಾನ ದಾಟಿ ಹೋಗಿ ಲಂಡನ್ ಮ್ಯಾನೇಜರನ ಕೈ ಕುಲುಕಿದ, ಫಿಯಾಕ್ರನ ಬೆನ್ನು ತಟ್ಟಿದ. ಗೆಲುವಲ್ಲದೆ ಬೇರೇನೂ ಬೇಡವಾಗಿದ್ದ ಮನುಷ್ಯನ ದುಃಖ ಎಂದರೆ ಇದು ಎಂದುಕೊಂಡ ಪ್ಯಾಕಿಯ ಕಣ್ಣು ತುಂಬಿತು.

ಅಷ್ಟರಲ್ಲಿ ಜಿಲ್ಲೆಯ ರೇಡಿಯೋದ ಗ್ರಾನ್ಯ ಮೈಕು ಹಿಡಿದು ಓಡಿ ಬಂದಳು. ಹಿಂದೆಯೇ ಚೇರ್ಮನ್, ಅವನ ಹಿಂದೆ ಅರ್ಧ ಜಿಲ್ಲೆ.

"ಮ್ಯಾಲಕಿ, ಇಡೀ ಊರು ಕೇಳ್ತಿದೆ," ಎಂದಳು ಅವಳು ಏದುಸಿರಿನಲ್ಲಿ. "ಒಂದೇ ಒಂದು ಅಂಕ ಸಾಕಿತ್ತು, ಕೆಲಸ ಉಳೀತಿತ್ತು. ಆದ್ರೂ ಎಲ್ಲಾನೂ ಪಣಕ್ಕಿಟ್ಟು ಗೆಲ್ಲೋಕೇ ಹೊರಟ್ರಲ್ಲ, ಆ ಗಳಿಗೆಯಲ್ಲಿ ನಿಮ್ಮ ತಲೇಲಿ ಏನಿತ್ತು?"

ಮ್ಯಾಲಕಿ ಅವಳನ್ನು ನೋಡಿದ, ಪ್ಯಾಕಿಯನ್ನು ನೋಡಿದ, ಕೊನೆಗೆ ಮೈದಾನದ ಆಚೆ ತುದಿಯ ಬೋರ್ಡನ್ನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಎರಡು ಹಿಂದಿದ್ದೀವಿ ಅಂದ್ಕೊಂಡಿದ್ದೆ ಕಣಮ್ಮ."