ಎರಡು ಬ್ರೇಕಿನ ಗಾಡಿಯ ವಂಶಾವಳಿ

ಎದುರಿನಿಂದ ಏನೇ ಬಂದರೂ ನಾನೀಗ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ, ಅದು ತಳ್ಳುಗಾಡಿಯಾದರೂ ಸರಿ. ಮೊನ್ನೆ ಸಿಂಧನೂರಿನ ಬಜಾರದಲ್ಲಿ ಬಾಳೆಹಣ್ಣು ಮಾರುವವಳು, "ಯಾಕ್ರೀ ಸರ, ಹಣ್ಣೇನು ಹಾಯಾಕ ಬರ್ತಾವೇನ್ರೀ?" ಎಂದು ನಕ್ಕಳು. ಗೊರೇಬಾಳದ ಕಾಲುವೆ ದಾರಿಯಲ್ಲಿ ನನ್ನನ್ನು ಹಾಯಲು ಬಂದದ್ದೇನೆಂದು ಆಕೆಗೇನು ಗೊತ್ತು?

ಭತ್ತದ ರಾಶಿ ಮುಗಿದ ಮೇಲೆ ನಮ್ಮ ಕಡೆ ಕೆಲವರಿಗೆ ಹಳೆಯ ಗಾಡಿ ಓಡಿಸುವ ಹುಚ್ಚು ಏರುತ್ತದೆ. ನೆಟ್ಟನೆಯ ದಾರಿ, ಎರಡು ಗಾಡಿ, ಕೊನೆಗೊಂದು ಸುಣ್ಣದ ಗೆರೆ. ಮೊದಲು ದಾಟಿದವನು ಗೆದ್ದ. ದಾಟಿದ ಮೇಲೆ ಏನು ಮಾಡಬೇಕೆಂದು ನಿಯಮವಿಲ್ಲ. ನಾನು ಗೆರೆಯ ಆಚೆಗೇ ಮಿರ್ಚಿ ಭಜಿ ತಿನ್ನುತ್ತ ನಿಂತಿದ್ದೆ. ನಮ್ಮ ಸಾಹುಕಾರ ಅಮರೇಗೌಡರು ತಾವೇ ಓಡಿಸಿಕೊಂಡು ಬಂದ ಗಾಡಿ ಗೆದ್ದಿತು. ಗೆದ್ದದ್ದೇ ಥಟ್ಟನೆ ಎಡಕ್ಕೆ ಹೊರಳಿ, ನನ್ನ ಮೊಣಕೈ ಸವರಿ ನನ್ನನ್ನು ಕೆಡವಿ ಹೋಗಿ, ನೀರು ಬಿಟ್ಟ ಗದ್ದೆಯ ಕೆಸರಿನಲ್ಲಿ ಕೂತಿತು. ಗಾಡಿಯನ್ನು ಎತ್ತಲು ಊರೇ ಓಡಿತು. ನನ್ನನ್ನು ಎತ್ತಲು ಯಾರೂ ಬರಲಿಲ್ಲ. ಕೈಯಲ್ಲಿ ಮಿರ್ಚಿಯ ತೊಟ್ಟು ಮಾತ್ರ ಉಳಿದಿತ್ತು. ಮಿಕ್ಕಿದ್ದನ್ನು ನಾನು ನುಂಗಿದೆನೋ, ಗಾಡಿ ಒಯ್ದಿತೋ, ಇಂದಿಗೂ ನೆನಪಾಗದು.

ಆ ಗಾಡಿಯ ಮೂತಿ ಜೀಪಿನದು, ಸ್ಟಿಯರಿಂಗ್ ಯಾವುದೋ ಟ್ಯಾಕ್ಸಿಯದು, ಇಂಜಿನ್ ಲಾರಿಯದು, ಬೆನ್ನು ಟ್ರ್ಯಾಕ್ಟರಿನದು. ಟ್ರ್ಯಾಕ್ಟರಿನ ಜೊತೆಗೆ ಅದರ ಬ್ರೇಕೂ ಬಂದಿತ್ತು: ಎಡಗಡೆಯ ಗಾಲಿಗೆ ಒಂದು ಪೆಡಲ್, ಬಲಗಡೆಯ ಗಾಲಿಗೆ ಇನ್ನೊಂದು. ಗದ್ದೆಯಲ್ಲಿ ಒಂದನ್ನೇ ಒತ್ತಿದರೆ ಆ ಕಡೆಯ ಗಾಲಿ ನಿಂತು ಟ್ರ್ಯಾಕ್ಟರ್ ಜಾಗದಲ್ಲೇ ತಿರುಗುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಗಾಡಿಗೆ ಕೊಂಡಿಯೇ ಇರಲಿಲ್ಲ; ಗೆರೆ ದಾಟಿದ ಮೇಲೆ ಗೌಡರ ಕಾಲು ಬಿದ್ದದ್ದು ಎಡದ್ದರ ಮೇಲಷ್ಟೇ. ಭತ್ತದ ನಾಡಿನ ಗಾಡಿ. ರಸ್ತೆಯ ಮೇಲಿದ್ದರೂ ಅದರ ಮನಸ್ಸು ಗದ್ದೆಯಲ್ಲೇ ಇತ್ತು.

ವಾರ ಕಳೆದು ಗೌಡರು ಮನೆಗೆ ಬಂದರು. "ಸರ, ನೀವು ಹಿಸ್ಟ್ರಿ ಎಂ.ಎ. ಮಾಡೀರಿ. ಬರೂ ಅಮಾಸಿಗೆ ಮಸ್ಕ್ಯಾಗ ಓಟ ಐತಿ. ಗಾಡಿ ಮುಂದ ಒಂದು ಬೋರ್ಡ್ ಹಾಕ್ಬೇಕ್ರೀ, ಇದನ್ನ ಯಾರು ಕಟ್ಯಾರ ಅಂತ."

"ಮೊದ್ಲ ಬ್ರೇಕ್ ಕೂಡಸ್ರೀ ಗೌಡ್ರ."

"ಹಳೇ ಗಾಡಿ ಹೆಂಗೈತೋ ಹಂಗ ಇರಬೇಕ್ರೀ. ಕಟ್ಟಿದಾಂವನ ಇದು ತಪ್ಪೈತಿ ಅಂದ್ರ ಆಗ ನೋಡೋಣು."

ಹಾಗಾದರೆ ಕಟ್ಟಿದವನನ್ನು ಹುಡುಕಲೇಬೇಕು. ಅಮಾವಾಸ್ಯೆಯ ದಿನ ಆ ಗೆರೆಯಾಚೆಗೂ ಯಾರಾದರೂ ಮಿರ್ಚಿ ತಿನ್ನುತ್ತ ನಿಂತಿರುತ್ತಾರಲ್ಲ.

ಸಿಂಧನೂರಿನ ಗ್ಯಾರೇಜಿನ ಖಾಜಾಸಾಬ್ ಎದೆ ತಟ್ಟಿಕೊಂಡರು: "ಇಂಜಿನ್ ನಮ್ಮ ಅಬ್ಬಾ ಕೂಡ್ಸ್ಯಾರ. ಪೂರಾ ಗಾಡಿ ನಮ್ಮದ ಅನ್ರೀ." ಬ್ರೇಕ್ ಎಂದೆ. "ತೋಬಾ ತೋಬಾ! ಅದು ಲಿಂಗಸುಗೂರಿನವರ ಕೆಲಸ."

ಲಿಂಗಸುಗೂರಿನಲ್ಲಿ ಹಳೆಯ ಡ್ರೈವರ್ ಹನುಮಂತಪ್ಪ ಕಾಲುವೆಗಿಂತ ಮೊದಲೇ ಈ ಜೀಪು ಹುಟ್ಟಿತ್ತೆಂದೂ, ಅದನ್ನು ಪಳಗಿಸಿದ್ದು ತಾನೇ ಎಂದೂ ಚಹಾ ಆರುವವರೆಗೆ ವರ್ಣಿಸಿದ. ಬ್ರೇಕ್ ಎಂದೆ. "ಮಸ್ಕಿಗೆ ಹೋಗ್ರೀ. ಅಲ್ಲಿ ಕೆಡಸ್ಯಾರ."

ಮಸ್ಕಿಯ ವೆಲ್ಡರ್ ವಿರುಪಣ್ಣ ಬೆಸುಗೆಯೆಲ್ಲ ತನ್ನದೆಂದು ಒಪ್ಪಿ, ಪೆಡಲಿನ ಮಾತಿಗೆ ಕಿವುಡನಾದ. ಅವನ ಅಂಗಡಿಯಿಂದ ಬೆಟ್ಟ ಕಾಣುತ್ತದೆ. ಅಲ್ಲಿನ ಬಂಡೆಯ ಮೇಲೆ ಚಕ್ರವರ್ತಿಯೊಬ್ಬನ ಸ್ವಂತ ಹೆಸರಿದೆ. ಅದೇ ಚಕ್ರವರ್ತಿ ಬೇರೆ ಕಡೆಯ ಬಂಡೆಗಳಲ್ಲಿ ತಾನು ಗೆದ್ದ ಯುದ್ಧದ ಪಶ್ಚಾತ್ತಾಪವನ್ನೂ ಕೆತ್ತಿಸಿದ. ನಮ್ಮ ಮೂರೂರಿನ ಚಕ್ರವರ್ತಿಗಳು ಗೆದ್ದದ್ದನ್ನಷ್ಟೇ ಕೆತ್ತಿಸುವವರು. ಆ ಗಾಡಿಯ ವೇಗಕ್ಕೆ ಮೂವರು ತಂದೆಯರು; ಬ್ರೇಕು ಮಾತ್ರ ಅನಾಥ.

ಬರಿಗೈಯಲ್ಲಿ ಮರಳಿದೆ. ಗೌಡರು ಎದೆಗುಂದಲಿಲ್ಲ. "ಯಾರೂ ಪೂರಾ ಒಪ್ಪಂಗಿಲ್ಲಂದ್ರ ನಾನ ಕಟ್ಟೀನಿ ಅಂತ ಬರಸ್ರೀ."

ಬರೆಸಿಯೇ ತಂದೆ. ಗೌಡರು ಗಟ್ಟಿಯಾಗಿ ಓದಿದರು: "ಈ ಗಾಡಿಯನ್ನು ಬ್ರೇಕ್ ಸಮೇತ ಕಟ್ಟಿದವರು ಅಮರೇಗೌಡರು." ಆಮೇಲೆ ಇನ್ನೊಮ್ಮೆ, ಮನಸ್ಸಿನಲ್ಲೇ ಓದಿಕೊಂಡರು.

"ಬ್ರೇಕ್ ಯಾಕ ಹಾಕ್ಸೀರಿ?"

"ಪೂರಾ ಅಂದ್ರಿ. ಅದೂ ಬಂತಲ್ರೀ. ನಾಳೆ ಯಾರ ಮ್ಯಾಲಾದ್ರೂ ಹೋದ್ರ, ಪೊಲೀಸರು ಹೆಸರು ಹುಡಕೂದು ತಪ್ಪತೈತಿ."

ಗೌಡರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಓದ್ರೀ, ಇನ್ನೊಮ್ಮೆ ಗಟ್ಟ್ಯಾಗಿ ಓದ್ರೀ!" ಎಂದರು.

ಮರುದಿನವೇ ಎರಡೂ ಪೆಡಲು ಕೂಡುವಂತೆ ಕಬ್ಬಿಣದ ಪಟ್ಟಿ ಬಿತ್ತು. ಹಾಕಿದ್ದು ವಿರುಪಣ್ಣನೇ, ಯಾರಿಗೂ ಹೇಳಬೇಡಿ ಎಂದು ಹೇಳಿ ಹೋದ. ಪರೀಕ್ಷೆಗೆ ಗೌಡರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಹಿಸ್ಟ್ರಿ ಹುಡಕಿದಾರು ನೀವು. ಹತ್ರೀ." ದೇವರ ಹೆಸರೊಂದೂ ನೆನಪಿಗೆ ಬರಲಿಲ್ಲ. ಗಾಡಿ ಕಾಲುವೆಯ ಗುಂಟ ಚಿಮ್ಮಿತು. ಗೌಡರು ಬ್ರೇಕ್ ಒತ್ತಿದರು. ಗಾಡಿ ಮುಗ್ಗರಿಸಿ, ಕೆಮ್ಮಿ, ನೆಟ್ಟಗೆ ನಿಂತಿತು.

ಓಡುವ ಗಾಡಿಗೆ ಸೀಟಿ ಹೊಡೆಯಲು ಸಾವಿರ ಜನ ಸೇರುತ್ತಾರೆ. ನಿಂತ ಗಾಡಿಗೆ ಹೊಡೆಯುವವರು ಯಾರೂ ಇರಲಿಲ್ಲ. ನಾನೇ ಹೊಡೆದೆ. ತುಟಿ ಒಣಗಿತ್ತು, ಬರೀ ಗಾಳಿ ಬಂತು.